ಮುಗ್ಗಿದ ಕಡಲೆಯ ನೋಟೀಸು

ಮೊನ್ನೆ ಅಡುಗೆಮನೆಯ ಮೇಲಿನ ಹಲಗೆಯಿಂದ ಕಡಲೆ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಮಳೆಗಾಲವಿಡೀ ಮರೆತಿದ್ದೆ, ತಪ್ಪು ನನ್ನದೇ. ಆದರೆ ಬಾಯಿಗೆ ಬಂದ ಬೈಗುಳವೆಲ್ಲ ನಮ್ಮೂರ ಇಂಗ್ಲಿಷ್ ಮಾಸ್ತರರ ಮೇಲೆ... ಅವರು ತೀರಿಹೋಗಿ ಎಷ್ಟೋ ವರ್ಷವಾಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಸಿಟ್ಟು ಕೆದಕಲು ಇನ್ನೊಂದು ಕಾರಣವೂ ಇತ್ತು. ನಾನೀಗ ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಮೊದಲು ಚೆನ್ನಾಗಿದ್ದ ಮೊಬೈಲ್ ಸೇವೆಗಳು ಬರಬರುತ್ತ ಹೇಗೆ ಕೊಳೆತು ಹಾಳಾಗುತ್ತವೆ ಎಂಬ ಲೇಖನವೊಂದು ಕೈಯಲ್ಲಿದೆ. ಆ ಕೊಳೆತಕ್ಕೆ ಇಂಗ್ಲಿಷಿನಲ್ಲಿ ಒಂದು ಹೇಸಿಗೆಯ ಪದ. ಇಟಲಿ ಭಾಷೆಗೆ ಅದನ್ನು ತಂದವನು ನಾಚಿಕೆಪಡದೆ ಅಲ್ಲಿನ ಬೀದಿಮಾತನ್ನೇ ಹಾಕಿದ್ದಾನಂತೆ. ನಮ್ಮ ಸಂಪಾದಕರು ಮಾತ್ರ ‘ಗುಣಾತ್ಮಕ ಅವನತಿ’ ಎಂದು ಬರೆಯಿರಿ ಎಂದಿದ್ದರು. ಅವನತಿ! ಆ ಪದ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಮಾಸ್ತರರು ಇದ್ದ ಕಾಲಕ್ಕೆ ನಾನು ಅಣ್ಣಿಗೇರಿ ಹತ್ತಿರದ ನಮ್ಮ ಹಳ್ಳಿಯ ಸೊಸೈಟಿಯಲ್ಲಿ ಗುಮಾಸ್ತೆ. ಹಿಂಗಾರಿ ಬಿತ್ತನೆಗೆಂದು ತರಿಸಿಟ್ಟ ಕಡಲೆಗೆ ಗೋದಾಮಿನಲ್ಲಿ ನೀರು ತಾಗಿತ್ತು. ಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿ ಬಂತು: ಕೊಳೆತಿದೆ, ಬಿತ್ತಬೇಡಿ. ಅದನ್ನು ಕನ್ನಡದ ನೋಟೀಸು ಮಾಡಲು ಮಾಸ್ತರರನ್ನು ಕರೆಸಿದರು. ಇಸ್ತ್ರಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು, ಊರಲ್ಲಿ ಇಂಗ್ಲಿಷ್ ಬಲ್ಲವರು ತಾವೊಬ್ಬರೇ ಎಂಬ ಗತ್ತು. ತಾಸುಗಟ್ಟಲೆ ತಿಣುಕಿ ಬರೆದರು: ‘ಸದರಿ ಬೀಜವು ಗುಣಾತ್ಮಕವಾಗಿ ಅವನತ್ಯುನ್ಮುಖವಾಗಿರುವುದರಿಂದ ಬಿತ್ತನೆಯು ವಿವೇಚನಾಧೀನವಾಗಿರುತ್ತದೆ.’ ತಾವೇ ಎರಡು ಸಲ ಓದಿ ತಲೆದೂಗಿದರು. ನಾನು ಟೈಪು ಮಾಡಿದೆ. ಮೂಲ ವರದಿಯನ್ನು ನಾನೂ ಓದಿದ್ದೆ. ಆದರೆ ನನಗೆ ಇಂಗ್ಲಿಷ್ ಕಲಿಸಿದವರೇ ಅವರು... ಬಾಯಿ ಬರಲಿಲ್ಲ.

ದಾಸ್ತಾನು ಖಾಲಿಯಾದರೆ ಸಾಕೆಂದಿದ್ದ ಸೊಸೈಟಿಯ ಅಧ್ಯಕ್ಷರಿಗೆ ಅಷ್ಟೇ ಬೇಕಿತ್ತು. ನೋಟೀಸು ಹಚ್ಚಿದ್ದೇವೆ, ಒಯ್ಯುವವರು ಒಯ್ಯಲಿ ಎಂದರು. ರೈತರು ಅದರ ಮುಂದೆ ಕೈಕಟ್ಟಿ ನಿಂತರು. ಅರ್ಥವಾಗಲಿಲ್ಲ ಎನ್ನಲು ಒಬ್ಬರಿಗೂ ಧೈರ್ಯವಿಲ್ಲ.

“ಮಾಸ್ತರ ಇಷ್ಟ್ ದೊಡ್ಡ ಮಾತ್ ಬರದಾರಂದ್ರ ಅಗದಿ ಚಲೋ ಬೀಜಾನ ಇರಬೇಕ್ ತಗೋ,” ಎಂದ ಒಬ್ಬ. ಎಲ್ಲರೂ ಚೀಲ ಹೊತ್ತರು.

ನಮ್ಮ ಅವ್ವ ಒಬ್ಬಳೇ ಮುಷ್ಟಿ ಕಡಲೆ ಮೂಸಿ ನೋಡಿ, ಅಲ್ಲೇ ಕೂತಿದ್ದ ಮಾಸ್ತರರನ್ನು ಕೇಳಿದಳು. “ಮುಗ್ಗ್ಯಾವಲ್ರಿ ಸರ್? ಒದ್ದಿ ಅರಿವ್ಯಾಗ ಕಟ್ಟಿ ನೋಡೂಣೇನ್ರಿ?” ನಮ್ಮ ಕಡೆ ಮುಷ್ಟಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡದೆ ಯಾರೂ ಬಿತ್ತುವುದಿಲ್ಲ.

“ತಂಗೆವ್ವಾ, ಮುಗ್ಗೂದು ಗಿಗ್ಗೂದು ಎಲ್ಲಾ ಹಳ್ಳಿ ಮಾತು. ನಾ ಬರದಿದ್ದಕ್ಕೂ ನಿನ್ನ ಅರಿವಿ ಪರೀಕ್ಷಾ ಬೇಕೇನು?”

ಅವ್ವ ನನ್ನತ್ತ ನೋಡಿದಳು. ನಾನು ಟೈಪ್‌ರೈಟರ್ ನೋಡಿದೆ. ಆ ವರ್ಷ ನಮ್ಮ ಮನೆಯಲ್ಲಿ ಬೀಜ ಕಟ್ಟಿ ನೋಡಲಿಲ್ಲ.

ನಾಲ್ಕು ಎಕರೆ ಎರೆಹೊಲದಲ್ಲಿ ಒಂದು ಸಾಲೂ ಏಳಲಿಲ್ಲ. ಮತ್ತೆ ಬಿತ್ತೋಣವೆಂದರೆ ನೆಲದ ಹದ ಹೋಗಿತ್ತು. ಅವ್ವ ದಿನಾ ಹೋಗಿ ಬದುವಿನ ಮೇಲೆ ನಿಂತು ಬರುತ್ತಿದ್ದಳು. ನನ್ನನ್ನೊಮ್ಮೆ ಬೈದಿದ್ದರೆ ಚೆನ್ನಾಗಿತ್ತು...

ಒಂದು ಸಂಜೆ ಮಾಸ್ತರರು ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು, ಒದ್ದೆ ಕರವಸ್ತ್ರದ ಗಂಟು ಬಿಚ್ಚಿ ಅವ್ವನ ಮುಂದಿಟ್ಟರು. ಲೋಳೆಯಾದ ಕಡಲೆ. ಒಂದಕ್ಕೂ ಮೊಳಕೆಯಿಲ್ಲ.

“ಮುಗ್ಗ್ಯಾವ ತಂಗೆವ್ವಾ,” ಎಂದರು.

ಹೊಲ ಬಯಲಾದ ಮೇಲೆ ಬಾಯಿಗೆ ಬಂತು ಕನ್ನಡ! ಥೂ ಎನ್ನಿಸಿತು ನನಗೆ. ಅವ್ವ ಒಳಗೆ ಹೋಗಿ ಚಹಾ ತಂದಳು. “ಕುಡೀರಿ ಸರ್, ಆರತೈತಿ.” ಅವರು ಗಂಟನ್ನು ಬದಿಗೆ ಸರಿಸಿ ಕಪ್ಪು ತೆಗೆದುಕೊಂಡರು.

ಮೊನ್ನೆ ಡಬ್ಬಿಯ ಕಡಲೆಯನ್ನು ತಿಪ್ಪೆಗೆ ಸುರಿದು ಬಂದವಳೇ ‘ಮುಗ್ಗು’ ಎಂದೇ ಬರೆದು ಕಳಿಸಿದೆ. ಸಂಪಾದಕರ ಫೋನು ಬಂತು. “ಮೇಡಂ, ಇದು ಹಳ್ಳಿ ಮಾತಾಯ್ತಲ್ಲ. ಸ್ವಲ್ಪ ಶಿಷ್ಟವಾಗಿರಲಿ.”

ಏನು ಹೇಳಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. “ಆಗ್ಲಿ ಸರ್,” ಎಂದೆ. ‘ಗುಣಾತ್ಮಕ ಅವನತಿ’ ಎಂದು ತಿದ್ದಿ ಕಳಿಸಿದೆ.

ಮಾಸ್ತರರಾದರೂ ಒದ್ದೆ ಗಂಟು ಹಿಡಿದು ಬಂದಿದ್ದರು. ನಾನೂ ಹಾಗೆ ಹಿಡಿದುಕೊಂಡು ಹೋಗೋಣವೆಂದರೆ, ಕಟ್ಟೆಯ ಮೇಲೆ ಈಗ ಅವ್ವನೂ ಉಳಿದಿಲ್ಲ.