ಸಾವಿತ್ರವ್ವನ ಹಂಗಾಮಿಗೊಂದು ಕತೆ

ತೊಂಬತ್ತರ ದಶಕದಲ್ಲಿ ಹೂವಿನ ಹಿಪ್ಪರಗಿಯ ಹೆಣ್ಣಾಳುಗಳಿಗೆ ಒಂದು ಚಟ ಹತ್ತಿತ್ತು. ಆ ಚಟದ ಹೆಸರು ಸಾವಿತ್ರವ್ವ. ಆಕೆ ಯಾರ ಹೊಲಕ್ಕೆ ಕಸ ತೆಗೆಯಲು ಹೋಗುತ್ತಾಳೋ ಆ ಹೊಲಕ್ಕೇ ಉಳಿದ ಹತ್ತು ಹನ್ನೆರಡು ಮಂದಿ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಕಾರಣ ಇಷ್ಟೇ, ಆಕೆ ಕಳೆ ಕೀಳುವ ಕುರಪಿ ಆಡಿಸುತ್ತಲೇ ಕತೆ ಹೇಳುತ್ತಿದ್ದಳು. ಹಿಂದೆ ಉಳಿದವಳಿಗೆ ಕತೆ ಕೇಳಿಸದು, ಮುಂದೆ ಓಡಿದವಳಿಗೂ ಕೇಳಿಸದು. ಹೀಗಾಗಿ ಎಲ್ಲರ ಸಾಲೂ ಜೊತೆಜೊತೆಗೇ ಸಾಗುತ್ತಿತ್ತು. ಹೊಲದೊಡೆಯ ರಾವಸಾಬ ಬದುವಿನ ಮೇಲೆ ನಿಂತು ಒದರಾಡುವುದನ್ನೇ ಬಿಟ್ಟಿದ್ದ.

ಮೊದಮೊದಲು ಆಕೆಯ ಕತೆಗೆ ತಲೆಬುಡ ಇರಲಿಲ್ಲ. ಪಂಚಮಿಗೆ ತವರಿಗೆ ಹೋಗಿ ಬಂದವಳು ‘ರಾಜನ ಮಗಳು ಏನಾದ್ಲು?’ ಎಂದು ಕೇಳುವಳು. ದಿನವೂ ಬಂದವರು ‘ಮತ್ತ ಅದನ್ನ ಹೇಳಬ್ಯಾಡ’ ಎಂದು ಜಗಳಕ್ಕೆ ನಿಲ್ಲುವರು. ಶಾಲೆ ಮೆಟ್ಟಿಲು ಹತ್ತದ ಸಾವಿತ್ರವ್ವ ತಾನೇ ಕೂತು ಒಂದು ಕಟ್ಟುಪಾಡು ಮಾಡಿದಳು. ಹಂಗಾಮಿಗೊಂದು ಕತೆ. ಮುಂಗಾರಿಯ ಕಸಕ್ಕೆ ಒಂದು, ಜೋಳದ ಸುಗ್ಗಿಗೆ ಒಂದು. ಒಂದು ಸಾಲು ಮುಗಿಯುವಷ್ಟಕ್ಕೆ ಒಂದು ತುಂಡು. ಬದುವಿಗೆ ಬಂದು ಸೊಂಟ ನೆಟ್ಟಗೆ ಮಾಡಿದರೆ ಕತೆಯೂ ಅಲ್ಲಿಗೆ ನಿಲ್ಲಬೇಕು. ಹಂಗಾಮಿನ ಮೊದಲ ಸಾಲಿನಲ್ಲಿ ಹಿಂದಿನದರ ನೆನಪು ಮಾಡಿಕೊಡುವುದು, ಕೊನೆಯ ಸಾಲಿನಲ್ಲಿ ಒಂದು ಗಂಟು ಬಿಚ್ಚದೆ ಬಿಡುವುದು. ನಡುವಿನ ತಿಂಗಳುಗಳಲ್ಲಿ ಕಾಲು ಹಿಡಿದರೂ ಬಾಯಿ ಬಿಡುತ್ತಿರಲಿಲ್ಲ. ‘ಸುಗ್ಗಿಗೆ ಬರ್ರಿ, ಹೇಳ್ತೇನಿ’ ಎನ್ನುವಳು, ತಹಶೀಲ್ದಾರರು ತಾರೀಖು ಕೊಟ್ಟ ಗತ್ತಿನಲ್ಲಿ.

ಅಜ್ಜಿಯಿಂದ ಬಂದ ಸರಕು ಏಳು ಹಂಗಾಮಿಗೆ ಮುಗಿದುಹೋಯಿತು. ಎಂಟನೆಯದು ತೊಂಬತ್ತೆಂಟರ ಮುಂಗಾರಿ. ಉಳ್ಳಾಗಡ್ಡಿ ಹೊಲದಲ್ಲಿ ಕಸ ಮೊಳಕಾಲು ಮುಟ್ಟಿತ್ತು, ಸಾವಿತ್ರವ್ವನ ತಲೆಯಲ್ಲಿ ಒಂದು ಕಾಳೂ ಇರಲಿಲ್ಲ. ‘ಈ ಸಲ ಕತಿ ಇಲ್ಲವ್ವಾ’ ಎಂದಿದ್ದರೆ ಯಾರೂ ನೇಣು ಹಾಕುತ್ತಿರಲಿಲ್ಲ. ಆದರೆ ಹೆಸರು ಬಂದಿತ್ತಲ್ಲ, ಅದನ್ನು ಬಿಡಲು ಮನಸ್ಸಾಗಲಿಲ್ಲ. ಕೈ ಹಾಕಬಾರದ ಕಡೆ ಕೈ ಹಾಕಿದಳು.

ಪಕ್ಕದ ಮನೆಯ ಗುರವ್ವ ಆಕೆಯ ಜೀವದ ಗೆಳತಿ. ಹೊಲದಲ್ಲಿಯೂ ಪಕ್ಕದ ಸಾಲು ಅವಳದೇ. ಹಿಂದಿನ ವರ್ಷ ಸಾವಿತ್ರವ್ವ ಮಗಳು ಕೋಮಲಳನ್ನು ನಿಡಗುಂದಿಗೆ ಮದುವೆ ಮಾಡಿ ಕಳಿಸಿ ಎಂಟು ದಿನ ಅತ್ತಿದ್ದಳು. ಆಗ ಗುರವ್ವ, ‘ನಿನ್ನ ಮಗಳು ಎಲ್ಲಿದಾಳ ಅನ್ನೂದು ನಿನಗ ಗೊತ್ತೈತೆಲ್ಲ, ಯಾಕ ಅಳ್ತಿಬೇ?’ ಎಂದವಳು, ಯಾರಿಗೂ ಹೇಳದ್ದನ್ನು ಅಂದು ಹೇಳಿಬಿಟ್ಟಳು. ಅವಳಿಗೆ ಇಪ್ಪತ್ತು ತುಂಬುವಷ್ಟರಲ್ಲಿ ಮೊದಲ ಗಂಡ ಸತ್ತಿದ್ದ. ಮಡಿಲಲ್ಲಿ ನಾಲ್ಕು ವರ್ಷದ ಹೆಣ್ಣುಕೂಸು. ಅಣ್ಣ ಹಿಪ್ಪರಗಿಯಲ್ಲಿ ಇನ್ನೊಂದು ಗಂಡು ನೋಡಿದ, ಆದರೆ ಕೂಸು ಇರುವ ಮಾತನ್ನು ಅವರಿಗೆ ತಿಳಿಸಲಿಲ್ಲ. ಸತ್ತ ಗಂಡನ ತಮ್ಮ ಇಂಡಿ ಬಸ್ ಸ್ಟ್ಯಾಂಡಿಗೆ ಬಂದು ಕೂಸನ್ನು ಒಯ್ಯಬೇಕೆಂದು ಮಾತಾಗಿತ್ತು. ಅವನು ಬರುವ ಮೊದಲೇ ಬಸ್ಸು ಬಂತು. ಗುರವ್ವ ಅರ್ಧ ಪುಡಿಕೆ ಬಿಸ್ಕೀಟು ಕೂಸಿನ ಕೈಗಿಟ್ಟು, ‘ಇಲ್ಲೇ ನಿಂದರು, ಕಾಕಾ ಬರ್ತಾನ’ ಎಂದು ಹೇಳಿ ಬಸ್ಸು ಹತ್ತಿದಳು. ಕಾಕಾ ಬಂದನೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಅಣ್ಣ ಆ ಮಾತನ್ನೇ ಎತ್ತಗೊಡಲಿಲ್ಲ. ಬೇರೆಯವರನ್ನು ಕೇಳಹೋದರೆ ಈಗಿನ ಗಂಡನ ಮನೆಗೆ ಗೊತ್ತಾಗುತ್ತದೆ.

ಸಾವಿತ್ರವ್ವ ಇದನ್ನೇ ಎತ್ತಿಕೊಂಡಳು. ಗುರವ್ವನನ್ನು ದೊಡ್ಡ ವ್ಯಾಪಾರಿಯ ಸೊಸೆ ಮಾಡಿದಳು, ಹೆಸರು ಬದಲಿಸಿದಳು, ಒಬ್ಬ ಕೆಟ್ಟ ಅತ್ತೆಯನ್ನು ಸೇರಿಸಿದಳು. ಇಷ್ಟು ಮಾಡಿದರೆ ಕತೆ ತನ್ನದಾಯಿತೆಂದು ತಿಳಿದಳು. ದಿನಕ್ಕೆ ನಾಲ್ಕು ಸಾಲಿನಂತೆ ಕತೆ ಏರುತ್ತ ಹೋಯಿತು. ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ಸೊಸೆ ಕೂಸನ್ನು ಬಿಟ್ಟುಹೋಗಲು ಒಪ್ಪಿದಾಗ ‘ಅಕಿ ತಾಯೇನ? ದೆವ್ವ ಅಕಿ’ ಎಂದು ಸಾಬೀರಾ ಹಲ್ಲು ಕಡಿದಳು. ಪಕ್ಕದ ಸಾಲಿನಲ್ಲಿ ಗುರವ್ವನ ಕುರಪಿ ನಿಲ್ಲಲಿಲ್ಲ, ತಲೆಯೂ ಮೇಲೇಳಲಿಲ್ಲ. ಅವಳಿಗೆ ತಿಳಿದಿಲ್ಲವೆಂದು ಸಾವಿತ್ರವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎರಡು ಮೊಳ ಆಚೆ ಕೂತವಳಿಗೆ ತಿಳಿಯದೆ ಇರುತ್ತದೆಯೇ?

ಹಂಗಾಮಿನ ಕೊನೆಯ ಸಾಲಿಗೆ ಕೂಸನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ತಾಯಿಯನ್ನು ಬಸ್ಸು ಹತ್ತಿಸಿ, ಸಾವಿತ್ರವ್ವ ಕುರಪಿ ಜಾಡಿಸಿ ಎದ್ದಳು. ಬದುವಿನ ಮೇಲೆ ಒಂದೇ ಗದ್ದಲ. ‘ಮುಂದೇನಾತು?’ ‘ಯಾರರೆ ಬಂದ್ರೇನಬೇ?’ ಆಕೆ ನಕ್ಕು, ‘ಸುಗ್ಗಿಗೆ ಬರ್ರಿ’ ಎಂದಳು. ಬೈಯುತ್ತ ಬೈಯುತ್ತ ಎಲ್ಲರೂ ಊರ ದಾರಿ ಹಿಡಿದರು. ಇಂಥ ಗಂಟನ್ನು ಆಕೆ ಹಿಂದೆಂದೂ ಹಾಕಿರಲಿಲ್ಲ, ಅದರ ಸೊಕ್ಕು ಮುಖದ ಮೇಲೆಯೇ ಇತ್ತು.

ಗುರವ್ವ ಮಾತ್ರ ಬದುವಿನ ಮೇಲೆ ಕೂತೇ ಇದ್ದಳು.

‘ಕತಿ ಚಲೋ ಹೇಳಿದಿ’ ಎಂದಳು.

‘ಗುರವ್ವಾ, ನಾ ಹೆಸರು ಬದಲ ಮಾಡೇನಿ. ಊರಾಗ ಯಾರಿಗೂ...’

‘ಬಿಸ್ಕೀಟು ಬದಲ ಮಾಡಲಿಲ್ಲ.’

ಸಾವಿತ್ರವ್ವನ ಮುಖ ಕಾದ ಹಂಚಾಯಿತು. ಅದನ್ನು ಬದಲಿಸಬಹುದಿತ್ತು. ಪುಟಾಣಿ ಎನ್ನಬಹುದಿತ್ತು, ಬೆಲ್ಲ ಎನ್ನಬಹುದಿತ್ತು. ಆದರೆ ಅರ್ಧ ಪುಡಿಕೆ ಬಿಸ್ಕೀಟೆಂದರೆ ಹೆಂಗಸರು ಅಳುತ್ತಾರೆಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಇಟ್ಟುಕೊಂಡಿದ್ದಳು. ಗೆಳತಿಯ ಕರುಳನ್ನು ಹನ್ನೆರಡು ಮಂದಿಯ ಮುಂದೆ ಹರವಿ ಶಭಾಷ್ ಅನ್ನಿಸಿಕೊಂಡ ತನ್ನ ನಾಲಿಗೆಯ ಮೇಲೆ ಆಕೆಗೆ ಹೇಸಿಗೆ ಬಂತು.

‘ತಪ್ಪಾತು’ ಎಂದಳು.

‘ಆದದ್ದಾತು ಬಿಡ. ಆದ್ರ ಸಾವಿತ್ರಿ, ಆ ಕೂಸಿನ್ನ ಸುಗ್ಗಿ ತನಾ ಅಲ್ಲೇ ನಿಂದ್ರಸಬ್ಯಾಡ. ನನ್ನ ಕೈಯಾಗ ಆಗಲಿಲ್ಲ. ನಿನ್ನ ಬಾಯಾಗ ಐತಿ. ಇವತ್ತ ಮನಿಗೆ ಕಳಸು.’

ಹಂಗಾಮು ಮುಗಿದ ಮೇಲೆ ಸಾವಿತ್ರವ್ವ ಬಾಯಿ ತೆರೆದದ್ದು ಅದೇ ಮೊದಲು. ‘ಕಾಕಾ ಬಂದ’ ಎಂದಳು, ‘ಸೈಕಲ್ ಮ್ಯಾಲ.’

‘ತಡಾ ಮಾಡಿದ್ನೇನ?’

‘ಇಲ್ಲ. ನೀ ಹತ್ತಿದ ಬಸ್ಸು ತಿರುವು ದಾಟೂದ್ರಾಗ ಬಂದ.’

‘ಅತ್ಲೇನ?’

‘ಒಂದೀಟ ಅತ್ಲು. ಸೈಕಲ್ ಮ್ಯಾಲ ಕುಂದ್ರಿಸಿದ ಮ್ಯಾಲ ಸುಮ್ಮನಾದ್ಲು.’

‘ನನ್ನ ಕೇಳಿದ್ಲೇನ?’

ಕೇಳಿದಳೆಂದರೂ ಉರಿ, ಕೇಳಲಿಲ್ಲವೆಂದರೂ ಉರಿ. ಸಾವಿತ್ರವ್ವ ಬದುವಿನ ಹುಲ್ಲು ಕೀಳುತ್ತ ಕೂತಳು. ‘ಕೇಳಿದ್ಲು. ಕಾಕಾನ ಹೇಣ್ತಿ ಕಂಕುಳಾಗ ಎತ್ತಿಕೊಂಡ್ಲು. ಆಮ್ಯಾಲ ಹಾಲು ರೊಟ್ಟಿ ಉಂಡು ಮಲಗಿದ್ಲು.’

ಗುರವ್ವ ತನ್ನ ಕುರಪಿಗೆ ಹತ್ತಿದ ಮಣ್ಣು ಒರೆಸಿದಳು. ಆಮೇಲೆ ಸಣ್ಣಗೆ ಕೇಳಿದಳು, ‘ಖರೇನ?’

‘ಖರೇ’ ಎಂದಳು ಸಾವಿತ್ರವ್ವ. ಏಳು ಹಂಗಾಮು ಎದೆ ಎತ್ತಿ ಸುಳ್ಳು ಹೇಳಿದವಳಿಗೆ ಈ ಒಂದು ಸುಳ್ಳಿಗೆ ಮುಖ ಎತ್ತಲು ಆಗಲಿಲ್ಲ.

ಸುಗ್ಗಿ ಬಂತು. ಜೋಳ ಕೀಳುವ ಮೊದಲ ಸಾಲಿನಲ್ಲಿಯೇ ಸಾವಿತ್ರವ್ವ ಕಾಕಾನನ್ನು ಕರೆತಂದು, ಕೂಸನ್ನು ಮನೆಗೆ ಕಳಿಸಿ ಕತೆ ಮುಗಿಸಿಬಿಟ್ಟಳು. ಹೆಂಗಸರಿಗೆ ಸಿಟ್ಟು ನೆತ್ತಿಗೇರಿತು.

‘ಇಷ್ಟಕ್ಕ ಐದು ತಿಂಗಳ ಕಾದೇವೇನು?’ ಎಂದಳು ಸಾಬೀರಾ. ‘ಬಂದಾ, ಕರ್ಕೊಂಡು ಹೋದಾ. ಇದೊಂದು ಕತೀನ?’

‘ಹೌದವ್ವಾ, ಕೆಟ್ಟೈತಿ’ ಎಂದು ಸಾವಿತ್ರವ್ವ ಒಪ್ಪಿಕೊಂಡಳು. ‘ಬ್ಯಾರೇದು ಹೇಳ್ತೇನಿ.’

‘ಬ್ಯಾರೇದು ಆಮ್ಯಾಲ’ ಎಂದಳು ಪಕ್ಕದ ಸಾಲಿನಿಂದ ಗುರವ್ವ, ಜೋಳದ ಬುಡಕ್ಕೆ ಬಗ್ಗಿಕೊಂಡೇ. ‘ಕಾಕಾ ಬಂದದ್ದು ಇನ್ನೊಮ್ಮೆ ಹೇಳ.’

ಹೆಂಗಸರು ಗೊಳ್ಳೆಂದು ನಕ್ಕರು. ಸಾವಿತ್ರವ್ವ ಅವಳ ಕಡೆ ನೋಡದೆ, ಇನ್ನೊಮ್ಮೆ ಹೇಳಿದಳು.