ಪೂರ್ವದವರು ಅಂತ ಹೆಸರಿಟ್ಟವರು ಯಾರು?

ಕಳೆದ ವಾರ ಮಗಳ ಟೀಚರ್ ಫೋನ್ ಮಾಡಿದರು. "ನಮ್ಮ ಆನ್‌ಲೈನ್ ಕ್ಲಾಸಿನಲ್ಲಿ 'ಟಿ' ಅಂತ ಒಬ್ಬರು ದಿನಾ ಕೂತಿರುತ್ತಾರೆ. ಕ್ಯಾಮೆರಾ ಆಫ್. ಅದು ನಿಮ್ಮ ತನ್ವಿಯೇನಾ?"

ತನ್ವಿಯೇ. ಹನ್ನೊಂದು ವರ್ಷದ ನನ್ನ ಮಗಳು ಸ್ಕ್ರೀನ್ ಮೇಲಿನ ತನ್ನ ಹೆಸರನ್ನು ತಾನೇ ಒಂದಕ್ಷರಕ್ಕೆ ಇಳಿಸಿಕೊಂಡಿದ್ದಳು.

ಲಾಕ್‌ಡೌನ್‌ಗೆ ಮೊದಲು ಅವಳು ಕ್ಲಾಸಿನಲ್ಲಿ ಬರೀ ತನ್ವಿ. ಶಾಲೆ ಅಡುಗೆಮನೆಗೆ ಬಂದಮೇಲೆ (ಹಾಲೆಂಡಿನ ವೆಲ್ಡ್‌ಹೋವನ್‌ನ ನಮ್ಮ ಮನೆಯಲ್ಲಿರುವುದು ಒಂದೇ ಟೇಬಲ್, ಅವಳ ಕ್ಲಾಸು, ನನ್ನ ಮೀಟಿಂಗು, ಚಪಾತಿ ಎಲ್ಲ ಅದರ ಮೇಲೇ) ಮುಖದ ಕೆಳಗೆ ಪೂರ್ತಿ ಹೆಸರು ಕಾಣತೊಡಗಿತು: ತನ್ವಿ ಮುದ್ದೇಬಿಹಾಳ. ಡಚ್ ಮಕ್ಕಳು ಅದನ್ನು ಉಚ್ಚರಿಸಲು ಹೊರಟರೆ ಏನಾಗಬೇಕು? ನಕ್ಕರು. ಒಬ್ಬ ಹುಡುಗ "ಹಾಗಂದರೇನು?" ಅಂತ ಬೇರೆ ಕೇಳಿದ. ಇವಳಿಗೆ ಗೊತ್ತಿರಲಿಲ್ಲ. ಅಳು ಬಂತು, ಹೆಸರು 'ಟಿ' ಆಯಿತು.

ಶುಕ್ರವಾರ ಅವಳ ಸ್ಪ್ರೇಕ್‌ಬ್ಯೂರ್ಟ್, ಅಂದರೆ ಇಡೀ ಕ್ಲಾಸಿನ ಮುಂದೆ ಹತ್ತು ನಿಮಿಷ ಮಾತಾಡುವ ಸರದಿ. ವಿಷಯ: ಪ್ರಾಚೀನ ಯುರೋಪಿನ ಆಸ್ಟ್ರೊಗೋಥ್ ಜನಾಂಗ. ಕ್ಯಾಮೆರಾ ಆನ್ ಇರಬೇಕು, ಪೂರ್ತಿ ಹೆಸರು ಕಾಣಬೇಕು. "ನಾ ಮಾಡಂಗಿಲ್ಲ, ಮಮ್ಮಿ. ಫೈನಲ್."

ಪಕ್ಕ ಕೂತೆ. ಆಸ್ಟ್ರೊಗೋಥ್ ಅಂದರೆ ಪೂರ್ವದ ಗೋಥ್‌ಗಳು. ಇಲ್ಲಿಯವರು ಪೂರ್ವಕ್ಕೆ ಈಗಲೂ 'ಓಸ್ಟ್' ಅನ್ನುತ್ತಾರಲ್ಲ, ಮುಗಿಯಿತಲ್ಲ?

ಎಲ್ಲಿ ಮುಗಿಯಿತು! ಓದುತ್ತಾ ನನಗೇ ಹುಚ್ಚು ಹತ್ತಿತು. ಆ ಪದಕ್ಕೆ ಮೊದಲಿದ್ದ ಅರ್ಥ ಬೆಳಗುವ ಸೂರ್ಯನಂಥವರು ಅಂತ, ಅವರೇ ತಮ್ಮ ಬಗ್ಗೆ ಕೊಚ್ಚಿಕೊಂಡದ್ದು ಅನ್ನುತ್ತಾರೆ ಕೆಲವು ವಿದ್ವಾಂಸರು. ಇಲ್ಲ, ಬರೀ ದಿಕ್ಕು ಅನ್ನುತ್ತಾರೆ ಇನ್ನು ಕೆಲವರು. ಆ ಹೆಸರಿನ ಒಬ್ಬ ರಾಜನಿದ್ದ, ಅವನಿಂದಲೇ ಬಂತು ಎನ್ನುವ ಹಳೆಯ ಕತೆಯೂ ಉಂಟು. ಅದಕ್ಕೂ ಹಿಂದೆ ರೋಮನ್ನರು ಬಹುಶಃ ಇದೇ ಜನರನ್ನು ಗ್ರೂತುಂಗಿ ಎಂದು ಬರೆದಿದ್ದರಂತೆ. ಗರಸು ನೆಲದವರು ಅಂತ ಇರಬಹುದು. ಕೊನೆಗೆ ಈ 'ಪೂರ್ವದವರು' ಹೋಗಿ ಆಳಿದ್ದೆಲ್ಲಿ? ಇಟಲಿಯಲ್ಲಿ!

ತನ್ವಿ ಹುಬ್ಬು ಗಂಟಿಕ್ಕಿದಳು. "ಅವ್ರು ತಮ್ಮ ಮನ್ಯಾಗ ಇದ್ದಾಗ ಈಸ್ಟ್ ಹೆಂಗ ಆಗ್ತಾರ? ದೇ ವರ್ ಜಸ್ಟ್ ಅಟ್ ಹೋಮ್!"

ಹಾಗಾದರೆ ನಮ್ಮ ಹೆಸರು? ಬಿಜಾಪುರದಲ್ಲಿರುವ ಮಾವನಿಗೆ ವಿಡಿಯೊ ಕಾಲ್ ಹಚ್ಚಿದೆ. (ಕಳೆದ ತಿಂಗಳೇ ಇಲ್ಲಿಗೆ ಬರಬೇಕಿತ್ತು. ವಿಮಾನಗಳು ನಿಂತವು. ತುಂಬಿದ ಸೂಟ್‌ಕೇಸನ್ನು ಅವರಿನ್ನೂ ಬಿಚ್ಚಿಲ್ಲ.) "ಮಾವಾರ, ನಮ್ಮ ಅಡ್ಡಹೆಸರು ಮುದ್ದೇಬಿಹಾಳ ಯಾಕಾತ್ರಿ?"

"ಆ ಊರು ಬಿಟ್ಟು ಬಂದ್ವಿ, ಅದಕ್ಕ ಆತು," ಎಂದರು ಮಾವ. "ಮುದ್ದೇಬಿಹಾಳದಾಗ ಎಲ್ಲಾರೂ ಮುದ್ದೇಬಿಹಾಳದವ್ರ. ಅಲ್ಲಿ ಹಂಗ ಯಾರು ಕರೀತಾರವಾ? ಅಲ್ಲಿ ನಾವು ಭಾವಿಮನಿಯವ್ರು. ಬಿಜಾಪುರದ ಸಾಲ್ಯಾಗ ನನ್ನ ಹೆಸರು ಹಚ್ಚುವಾಗ ಮಾಸ್ತರು ಯಾವೂರು ಅಂತ ಕೇಳಿ ಬರಕೊಂಡ್ರು. ಅದ ಗಟ್ಟಿ ಆತು."

ತನ್ವಿ ಪೆನ್ನು ಹುಡುಕಿದಳು.

ಶುಕ್ರವಾರ ಕ್ಯಾಮೆರಾ ಆನ್ ಆಯಿತು. ಪೂರ್ತಿ ಹೆಸರೂ ಬಂತು. ಗೋಥ್‌ಗಳ ಕತೆ ಮುಗಿಸಿ, ಭಾವಿಮನೆಯ ಕತೆ ಹೇಳಿ, ಇವಳು ಕ್ಲಾಸಿಗೇ ತಿರುಗಿ ಕೇಳಿದಳು: ನಿಮ್ಮ ಹೆಸರುಗಳು ಎಲ್ಲಿಂದ ಬಂದವು? ಮೊದಲು ಪೇಚಿಗೆ ಸಿಕ್ಕವನು ಆವತ್ತು ಪ್ರಶ್ನೆ ಹಾಕಿದ ಹುಡುಗನೇ. ಅವನ ಅಡ್ಡಹೆಸರಿನ ಅರ್ಥ 'ಬೆಟ್ಟದಿಂದ ಬಂದವನು' ಅಂತ. ಹಾಸಿದ ಚಾಪೆಯಷ್ಟು ಚಪ್ಪಟೆಯಾದ ಈ ಊರಿನಲ್ಲಿ! ಬೆಟ್ಟ ಎಲ್ಲಿದೆ ಅಂತ ಅಪ್ಪನನ್ನು ಕೇಳಲು ಓಡಿದನಂತೆ. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು.

ಸುದ್ದಿ ಹೇಳಲು ಮಾವನಿಗೆ ಫೋನ್ ಮಾಡಿದೆವು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ, "ತನ್ವಿ, ನಮ್ಮ ಓಣ್ಯಾಗ ಈಗ ನನಗ ಹೊಸಾ ಹೆಸರು ಬಿದ್ದೈತಿ. ಏನಂತಾರ ಗೊತ್ತೇನು?"

"ಏನಂತಾರ ಅಜ್ಜಾ?"

"ಹಾಲೆಂಡ್ ಅಜ್ಜ."

ವಿಮಾನದ ಮೆಟ್ಟಿಲನ್ನೇ ಇನ್ನೂ ಹತ್ತದ ಮನುಷ್ಯ. ಹೆಸರಂತೂ ಬಂದು ಕೂತಿದೆ. ಹಾಲೆಂಡ್ ಅಜ್ಜನಿಗೆ ಹಾಲೆಂಡ್ ತೋರಿಸುವ ವಿಮಾನ ಯಾವಾಗ ಹಾರುತ್ತದೆ, ಯಾರಿಗಾದರೂ ಗೊತ್ತಾ?