ಮೇಸ್ತ್ರಿ ಕಿತ್ತ ನೂಲು
ಬಿನ್ನಿಪೇಟೆ ಕಡೆಯ ಒಂದು ಬಟ್ಟೆ ಮಿಲ್ಲಿನ ಮೇಸ್ತ್ರಿ ಮುನಿರಾಮಯ್ಯ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನೆಂದು ಅತ್ತಿಗುಪ್ಪೆಯ ನೆರೆಹೊರೆಯವರೆಲ್ಲ ಹೇಳುತ್ತಿದ್ದರು. ತಿಂಡಿಯನ್ನು ನಿಂತೇ ತಿನ್ನುತ್ತಿದ್ದ; ಬಸ್ಸಿಗೆ ಕಾಯಲಾರದೆ ಮುಂದಿನ ಸ್ಟಾಪಿಗೆ ನಡೆದು, ನಡುದಾರಿಯಲ್ಲಿ ಬಸ್ಸನ್ನೇ ತಪ್ಪಿಸಿಕೊಳ್ಳುತ್ತಿದ್ದ. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದೆ ಕೈಸನ್ನೆಯಲ್ಲೇ ಬೈದು ರೂಢಿಯಾಗಿ, ಮನೆಯಲ್ಲಿ ಸಾರಿಗೆ ಉಪ್ಪು ಸಾಲದಿದ್ದರೂ ಕೈಯನ್ನೇ ಆಡಿಸುತ್ತಿದ್ದ. ಹೊಸ ಆಟೋಮ್ಯಾಟಿಕ್ ಮಗ್ಗಗಳು ಬಂದ ಮೇಲಂತೂ ನಿಂತಲ್ಲಿ ನಿಲ್ಲಲಿಲ್ಲ. ಹಳೆಯ ನೇಕಾರರು ಅವುಗಳನ್ನು ಮುಟ್ಟಲು ಹೆದರಿ ದೂರ ಸರಿದರೆ, ಇವನೇ ಮುಂದೆ ನುಗ್ಗಿ, ಬೇಕೆಂದೇ ನೂಲು ಕಿತ್ತು, ತನ್ನ ತಲೆಗೆ ತಾನೇ ಮೊಟಕಿಕೊಂಡು ಎಲ್ಲರನ್ನೂ ನಗಿಸುತ್ತಿದ್ದ. "ಮೇಸ್ತ್ರಿಗೇ ಬರಾಕಿಲ್ಲ ಅಂದ್ಮೇಲೆ ನಮಗೇನ್ ನಾಚ್ಕೆ?" ಎನ್ನುತ್ತ ಅವರು ಒಬ್ಬೊಬ್ಬರಾಗಿ ಮಗ್ಗಕ್ಕೆ ಕೈಹಾಕಿದರು, ಕಲಿತೂಬಿಟ್ಟರು. "ಎಲ್ಲಾರೂ ಕಲ್ತ್ರು ಅಂತೀರ, ನೀವ್ಯಾಕೆ ಇನ್ನೂ ನೂಲು ಕೀಳ್ತೀರ?" ಎಂದು ಹೆಂಡತಿ ಪಟಾಲಮ್ಮ ಒಂದು ಬೆಳಿಗ್ಗೆ ಕೇಳಿದಳು. ಮುನಿರಾಮಯ್ಯ ತಟ್ಟೆ ಕೆಳಗಿಟ್ಟು, ಎಂದೂ ಕೂರದವನು ಮಣೆಯ ಮೇಲೆ ಕೂತುಬಿಟ್ಟ. "ಮೊದ್ಮೊದ್ಲು ನಾನೇ ಕೀಳ್ತಿದ್ದೆ ಕಣೇ," ಎಂದ. "ಈಗ ಕೈ ನಡುಗಿ ಅದೇ ಕಿತ್ತೋಗ್ತೈತೆ. ಎಲ್ಲಾರೂ ಇನ್ನೂ ನಗ್ತಾನೇ ಅವ್ರೆ."